ನಷ್ಟ ಯಾರ ಲೆಕ್ಕಕ್ಕೆ?

ಸಾಹಿತ್ಯದ ವಾರ್ಷಿಕ ಸಂಚಿಕೆಯಲ್ಲಿ ಲಾರಿಗೇನು ಕೆಲಸ ಎಂದು ಓದುಗರು ಕೇಳಬಹುದು. ಸಂಪಾದಕರು ಲೇಖನ ಕೇಳಿದಾಗ ನನಗೂ ಹಾಗೆಯೇ ಅನ್ನಿಸಿ, ಬೇರೆ ಏನಾದರೂ ಬರೆಯೋಣವೆಂದು ಎರಡು ಭಾನುವಾರ ಕಾಗದದ ಮುಂದೆ ಕುಳಿತೆ. ಆಗಲಿಲ್ಲ. ಕೆಲವು ವರ್ಷಗಳಿಂದ ನನ್ನ ಮನಸ್ಸಿನ ಅಂಗಳದಲ್ಲಿ ಈ ಲಾರಿಯೇ ಅಡ್ಡ ನಿಂತಿದೆ. ಅದನ್ನು ಬದಿಗೆ ಸರಿಸದೆ ಬೇರೆ ಯಾವ ವಿಷಯಕ್ಕೂ ದಾರಿಯಿಲ್ಲ.

ಬದಿಯಡ್ಕದಿಂದ ಸ್ವಲ್ಪ ಒಳಗೆ ನನ್ನ ಅಕ್ಕನ ಮನೆ. ಭಾವನಿಗೆ ಸ್ವಲ್ಪ ಅಡಿಕೆ ತೋಟ, ಜತೆಗೆ ಮುರಕಲ್ಲು ಸಾಗಿಸುವ ಒಂದು ಮಿನಿ ಲಾರಿ. ಲಾರಿ 2017ರ ಮಾಡೆಲು. ಮಂಜೇಶ್ವರದ ಕಡಲ ಬದಿಯಲ್ಲಿ ಮೀನು ಸಾಗಿಸುತ್ತಿದ್ದವರಿಂದ 2021ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಸಾಲಕ್ಕೆ ಜಾಮೀನು ನಾನು. ಡ್ರೈವರ್ ಚೆರ್ವತ್ತೂರು ಕಡೆಯವ, ನನಗಿಂತ ಐದಾರು ವರ್ಷ ಹಿರಿಯ. ಮಲಯಾಳ ಮನೆಮಾತು, ತುಳು ಚೆನ್ನಾಗಿ ಬರುತ್ತದೆ, ಕನ್ನಡ ಪೇಟೆಯ ವ್ಯವಹಾರಕ್ಕೆ ಸಾಲುವಷ್ಟು ಮಾತಾಡುತ್ತಾನೆ, ಓದಲು ಬಾರದು. ನಮ್ಮ ಜಿಲ್ಲೆಯಲ್ಲಿ ಇದರಲ್ಲಿ ವಿಶೇಷವೇನೂ ಇಲ್ಲ.

2023ರ ಮೇ ತಿಂಗಳ ಕೊನೆಯ ಭಾನುವಾರ ಆತ, ಯಾರೂ ಹೇಳದೆ, ಮಳೆ ಹಿಡಿಯುವ ಮೊದಲು ಕೆಂಪು ಧೂಳೆಲ್ಲ ಹೋಗಲಿ ಎಂದು ಲಾರಿಯನ್ನು ಪೇಟೆಗೆ ಒಯ್ದು ತೊಳೆಸಿದ. ಇಂಜಿನಿಗೂ ಪಂಪಿನ ನೀರು ಹೊಡೆಸಿದ. ತೊಳೆಸಿದ ಮೇಲೆ ಅದೇ ಲಾರಿಯನ್ನು ಮನೆಗೆ ಓಡಿಸಿಕೊಂಡೂ ಬಂದ. ಸೋಮವಾರ ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ ತಿರುಗುತ್ತದೆ, ಇಂಜಿನು ಹಿಡಿಯುವುದಿಲ್ಲ.

ನಾವು ಚಿಕ್ಕವರಿದ್ದಾಗ ನೋಡಿದ ಡೀಸೆಲ್ ಲಾರಿಗಳಿಗೆ ಇಂಥ ರೋಗ ಇರಲಿಲ್ಲ. ಅವುಗಳ ಪಂಪು ಇಂಜಿನಿನ ಹಲ್ಲುಚಕ್ರಕ್ಕೇ ಜೋಡಿಸಿದ್ದು. ಇಂಜಿನು ತಿರುಗಿದರೆ ಪಂಪೂ ತಿರುಗಿ ಪ್ರತಿ ಸಿಲಿಂಡರಿಗೂ ಸರದಿಯಂತೆ ಡೀಸೆಲ್ ಚಿಮ್ಮಿಸುತ್ತಿತ್ತು. ಬ್ಯಾಟರಿ ಸತ್ತರೆ ಇಳಿಜಾರಿನಲ್ಲಿ ನಾಲ್ಕು ಜನ ನೂಕಿದರೆ ಮುಗಿಯಿತು. ಹೊಗೆಯ ನಿಯಮ ಬಿಗಿಯಾದ ಹಾಗೆ ಆ ಕಾಲ ಹೋಯಿತು. 2017ರ ಎಪ್ರಿಲಿನಿಂದ ದೇಶಕ್ಕೆಲ್ಲ ಬಿ.ಎಸ್. 4 ಕಡ್ಡಾಯವಾಯಿತು. ಭಾವನ ಲಾರಿಯಲ್ಲಿ ಪಂಪಿನ ಕೆಲಸ ಡೀಸೆಲ್ಲನ್ನು ಭಾರೀ ಒತ್ತಡದಲ್ಲಿ, ಓಡುವಾಗ ವಾತಾವರಣದ ಸಾವಿರ ಪಟ್ಟಿಗೂ ಮೀರಿದ ಒತ್ತಡದಲ್ಲಿ, ಒಂದು ಕೊಳವೆಗೆ ತುಂಬಿಡುವುದಷ್ಟೆ. ಯಾವ ಸಿಲಿಂಡರಿಗೆ, ಯಾವ ಗಳಿಗೆಯಲ್ಲಿ, ಎಷ್ಟು ಎಂದು ತೀರ್ಮಾನಿಸಿ ಇಂಜೆಕ್ಟರುಗಳನ್ನು ತೆರೆಯುವುದು ಒಂದು ಅಲ್ಯೂಮಿನಿಯಮ್ ಪೆಟ್ಟಿಗೆ. ಅದಕ್ಕೆ ಇ.ಸಿ.ಎಂ. ಎಂದು ಹೆಸರು, ಗ್ಯಾರೇಜಿನವರ ಬಾಯಲ್ಲಿ ಬರಿಯ ಕಂಪ್ಯೂಟರ್. ಅದಕ್ಕೆ ಎಚ್ಚರವಿಲ್ಲದಿದ್ದರೆ ಟ್ಯಾಂಕು ತುಂಬ ಡೀಸೆಲ್ ಇದ್ದೂ, ಬ್ಯಾಟರಿ ಇದ್ದೂ, ಇಂಜಿನು ಗಟ್ಟಿಮುಟ್ಟಾಗಿದ್ದೂ ಲಾರಿ ನಿಂತಲ್ಲೇ.

ಕುಂಬಳೆಯಿಂದ ಮೆಕ್ಯಾನಿಕ್ ಬಂದ. ಒಳ್ಳೆಯ ಕೆಲಸಗಾರ, ನನ್ನ ಸ್ಕೂಟರನ್ನು ಇಂದಿಗೂ ಆತನಿಗೇ ಕೊಡುತ್ತೇನೆ. ಕೀ ಆನ್ ಮಾಡಿದೊಡನೆ ಡ್ಯಾಶ್‌ಬೋರ್ಡಿನಲ್ಲಿ ಇಂಜಿನಿನ ಹಳದಿ ದೀಪ ಹತ್ತಬೇಕು, ಹತ್ತಲಿಲ್ಲ. ಸ್ಕ್ಯಾನರ್ ಜೋಡಿಸಿದ, ಪೆಟ್ಟಿಗೆಯಿಂದ ಉತ್ತರವೇ ಇಲ್ಲ. ಬ್ಯಾಟರಿ 12.6 ವೋಲ್ಟು ತೋರಿಸಿತು. ಫ್ಯೂಸುಗಳು ಸರಿ. ರಿಲೇ ಬದಲಿಸಿ ನೋಡಿದ. ಸೆನ್ಸರುಗಳನ್ನು ಒಂದೊಂದಾಗಿ ಕಳಚಿ ನೋಡಿದ. ಒಂದು ಸೆನ್ಸರು ಶಾರ್ಟಾದರೂ ಕೆಲವೊಮ್ಮೆ ಇಡೀ ಪೆಟ್ಟಿಗೆ ಮೂಕವಾಗುವುದುಂಟಂತೆ. ಕೊನೆಗೆ ಪೆಟ್ಟಿಗೆಯ ಕಪ್ಲರ್ ಬಿಡಿಸಿ ಮೀಟರ್ ಇಟ್ಟ. ಕರೆಂಟು ಬರುತ್ತಿದೆ. ಅರ್ತ್ ವಯರಿಗೆ ಇಟ್ಟರೆ ಮೀಟರ್ ‘ಪೀಂ’ ಎಂದು ಕೂಗಿತು, ಅಂದರೆ ಅದೂ ಸರಿ. ಮಧ್ಯಾಹ್ನದ ಹೊತ್ತಿಗೆ ಕೈ ಒರೆಸಿಕೊಳ್ಳುತ್ತ, “ಎಲ್ಲ ಸರಿ ಉಂಟು. ಇನ್ನು ಉಳಿದದ್ದು ಕಂಪ್ಯೂಟರ್ ಮಾತ್ರ” ಎಂದ.

“ಖಂಡಿತವಾ?” ಎಂದು ಭಾವ ಕೇಳಿದರು.

ಆತ ಒಂದು ಗಳಿಗೆ ತಡೆದ. ಆಮೇಲೆ “ಖಂಡಿತ” ಎಂದ. “ನಿನ್ನೆ ನೀರು ಹೊಡೆಸಿದ್ದಾರಲ್ಲ, ಒಳಗೆ ಹೋಗಿರಬೇಕು.”

ಎಲ್ಲರ ಕಣ್ಣೂ ಡ್ರೈವರನ ಕಡೆಗೆ ತಿರುಗಿತು. ಆತ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ.

ಹೊಸ ಪೆಟ್ಟಿಗೆಯ ಬೆಲೆ ಕೇಳಿ ಭಾವ ಕುಳಿತೇಬಿಟ್ಟರು. ಬೇರೆ ಲಾರಿಯ ಹಳೆಯ ಪೆಟ್ಟಿಗೆಯನ್ನು ತಂದು ಹಾಗೆಯೇ ಜೋಡಿಸಿದರೂ ನಡೆಯುವುದಿಲ್ಲ. ಪ್ರತಿಯೊಂದು ಇಂಜೆಕ್ಟರಿಗೂ ಅದರದೇ ಸಂಕೇತಾಕ್ಷರಗಳಿರುತ್ತವೆ. ಅವು, ಜತೆಗೆ ಆ ಲಾರಿಯ ಇತರ ಗುರುತುಗಳು ಪೆಟ್ಟಿಗೆಯ ನೆನಪಿನಲ್ಲಿ ದಾಖಲಾಗಿರಬೇಕು. ಮಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸದವರೊಬ್ಬರು ನಮ್ಮ ಪೆಟ್ಟಿಗೆಯೊಳಗಿನ ಮಾಹಿತಿಯನ್ನೆಲ್ಲ ಇನ್ನೊಂದು ಹಳೆಯ ಪೆಟ್ಟಿಗೆಗೆ ನಕಲು ಮಾಡಿ ಕೊಡುತ್ತೇನೆಂದರು. ಎಲ್ಲ ಸೇರಿ 38,000 ರೂಪಾಯಿ. ಅಕ್ಕನ ಎರಡು ಬಳೆ ನಮ್ಮ ಬ್ರಾಂಚಿಗೇ ಅಡವಿಗೆ ಬಂದವು. ಚೀಟಿ ಬರೆದದ್ದು ನಾನೇ; ಅಕ್ಕನೂ ನಾನೂ ಕೌಂಟರಿನ ಆಚೆ ಈಚೆ ಪರಿಚಯವಿಲ್ಲದವರ ಹಾಗೆ ನಿಂತಿದ್ದೆವು. ಜೂನ್ ತಿಂಗಳಲ್ಲಿ ಪೆಟ್ಟಿಗೆ ಬಂತು. ಮೆಕ್ಯಾನಿಕನ ಜತೆಗಿದ್ದ ಹುಡುಗ ಹಳೆಯದರ ಬೋಲ್ಟು ಬಿಚ್ಚಿ, ಅದೇ ಬೋಲ್ಟಿಗೆ ಕಚ್ಚಿಸಿದ್ದ ಅರ್ತ್ ವಯರನ್ನು ಸರಿಸಿ, ತುಕ್ಕು ಕೆರೆದು, ಬಂದ ಪೆಟ್ಟಿಗೆಯನ್ನು ಕೂರಿಸಿ ಎಲ್ಲವನ್ನೂ ಒಟ್ಟಿಗೆ ಬಿಗಿದ. ಕೀ ತಿರುಗಿಸಿದರೆ ಇಂಜಿನು ಒಂದೇ ಸಲಕ್ಕೆ ಹಿಡಿಯಿತು.

ಅಂದು ಸಂಜೆ ಜಗಲಿಯಲ್ಲಿ ಪಂಚಾಯಿತಿ. “ಬ್ಯಾಂಕಿನವರು ನೀವು, ಲೆಕ್ಕ ಗೊತ್ತಿದ್ದವರು. ನೀವೇ ಒಂದು ದಾರಿ ಹೇಳಿ ಭಾವ” ಎಂದರು. ನಾನು ಹೇಳಿದೆ. ನೀರು ಹೊಡೆಸಿದ್ದು ಒಳ್ಳೆಯ ಮನಸ್ಸಿನಿಂದ, ಆದ್ದರಿಂದ ಪೂರ್ತಿ ಹೊರೆ ಹಾಕಬಾರದು. ಕೇಳದೆ ಹೊಡೆಸಿದ್ದು, ಆದ್ದರಿಂದ ಪೂರ್ತಿ ಬಿಡಲೂಬಾರದು. ಡ್ರೈವರನ ಪಾಲಿಗೆ 12,000, ಆರು ತಿಂಗಳು ಸಂಬಳದಿಂದ ಎರಡೆರಡು ಸಾವಿರ. ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಎಂದು ನಾನೇ ಒಳಗೊಳಗೆ ಬೆನ್ನು ತಟ್ಟಿಕೊಂಡೆ. ಒಂದು ಕಾಗದದಲ್ಲಿ ಬರೆದು ಸಹಿ ಹಾಕಿಸಿದೆವು. ಆತ ಅಂಗಳದಲ್ಲಿ ನಿಂತಿದ್ದ. ಜಗಲಿಯ ಅಂಚಿನಲ್ಲಿ ಕಾಗದವಿಟ್ಟು ಸಹಿ ಹಾಕಿ ಹೋದ. ಆರು ಕಂತು ತೀರಿದ ಮರುತಿಂಗಳೇ ಕೆಲಸ ಬಿಟ್ಟ. ನ್ಯಾಯ ಹೇಳಿದ ನಾನು ಆತನನ್ನು ಒಂದೇ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ ಎಂಬುದು ಆಗ ನನಗೆ ಹೊಳೆಯಲೇ ಇಲ್ಲ.

2024ರ ಫೆಬ್ರವರಿಯಲ್ಲಿ ಲಾರಿ ಮತ್ತೆ ನಿಂತಿತು. ಸೆಲ್ಫ್ ತಿರುಗುತ್ತದೆ, ಹಳದಿ ದೀಪವಿಲ್ಲ, ಸ್ಕ್ಯಾನರಿಗೆ ಉತ್ತರವಿಲ್ಲ. ಅದೇ ರೋಗ, ಆದರೆ ಈ ಸಲ ಪೆಟ್ಟಿಗೆ ಬೇರೆ. ತಿಂಗಳುಗಟ್ಟಲೆ ಮಳೆ ಇಲ್ಲ, ಇಂಜಿನಿಗೆ ಯಾರೂ ನೀರು ಸೋಕಿಸಿಲ್ಲ. ಭಾವ ಮಂಗಳೂರಿನವರಿಗೆ ಫೋನು ಮಾಡಿ ಜಗಳಕ್ಕೆ ನಿಂತರು. ಅವರು ಮರುದಿನ ತಾವೇ ಬಂದರು. ಮೀಟರನ್ನು ಬ್ಯಾಗಿನಿಂದ ತೆಗೆಯಲೂ ಇಲ್ಲ. ಒಂದು ಹಳೆಯ ಹೆಡ್‌ಲೈಟ್ ಬಲ್ಬಿಗೆ ಎರಡು ವಯರು ಕಟ್ಟಿ, ಪೆಟ್ಟಿಗೆಗೆ ಬರುವ ಕರೆಂಟಿಗೂ ಅದೇ ಪೆಟ್ಟಿಗೆಯ ಅರ್ತಿಗೂ ಹಿಡಿದರು. ಬೆಳ್ಳಗೆ ಉರಿಯಬೇಕಾದ ಬಲ್ಬು ಬೂದಿ ಮುಚ್ಚಿದ ಕೆಂಡದ ಹಾಗೆ ಕೆಂಪಗೆ ಮಿಣುಕಿತು. ಅರ್ತಿನ ತುದಿಯನ್ನು ನೇರವಾಗಿ ಬ್ಯಾಟರಿಗೆ ಹಿಡಿದರೆ ಕಣ್ಣು ಕುಕ್ಕುವ ಬೆಳಕು.

ಅರ್ತ್ ವಯರಿನ ಪ್ಲಾಸ್ಟಿಕ್ಕನ್ನು ಬ್ಲೇಡಿನಿಂದ ಸೀಳಿ ತೋರಿಸಿದರು. ಒಳಗಿನ ತಾಮ್ರವೆಲ್ಲ ಹಸಿರು ಹುಡಿ. ಹತ್ತಾರು ಎಳೆಗಳಲ್ಲಿ ಒಂದೆರಡು ಮಾತ್ರ ಉಳಿದಿದ್ದವು. ಮೀಟರ್ ಕಳಿಸುವುದು ತೀರ ಸಣ್ಣ ಕರೆಂಟು, ಅದಕ್ಕೆ ಒಂದು ಎಳೆಯೂ ಧಾರಾಳವಾಯಿತು. ಆದ್ದರಿಂದಲೇ ‘ಪೀಂ’ ಎಂದಿತು. ನಮ್ಮ ತೋಟದ ತೋಡಿಗೆ ಅಡ್ಡ ಹಾಕಿದ ಅಡಿಕೆಮರದ ಸಂಕವನ್ನು ನೆನೆಯಿರಿ. ಮಗು ದಾಟಿತು, ಆದ್ದರಿಂದ ಸಂಕ ಗಟ್ಟಿ ಎಂದು ಅದರ ಮೇಲೆ ಲಾರಿ ಹತ್ತಿಸಿದ ಹಾಗಾಗಿತ್ತು ನಮ್ಮ ಪರೀಕ್ಷೆ. ಹಿಂದಿನ ವರ್ಷ ಹುಡುಗ ತುಕ್ಕು ಕೆರೆದು ಬಿಗಿದಾಗ ಉಳಿದ ಎಳೆಗಳು ಸ್ವಲ್ಪ ಅಮುಕಿ ಕೂತು ಎಂಟು ತಿಂಗಳು ದೂಡಿದವು. ಹೊಸ ವಯರು, ಅದರ ಲಗ್ಗು, ಕೂಲಿ ಸೇರಿ 350 ರೂಪಾಯಿ. ಅಟ್ಟದಲ್ಲಿದ್ದ ಹಳೆಯ ಪೆಟ್ಟಿಗೆಯನ್ನು ಜೋಡಿಸಿ ನೋಡೋಣ ಎಂದು ಅವರೇ ಹೇಳಿದರು. ಇಂಜಿನು ಹಿಡಿಯಿತು. ಲಾರಿ ಈಗಲೂ ಅದರಲ್ಲೇ ಓಡುತ್ತಿದೆ. 38,000ದ ಪೆಟ್ಟಿಗೆ ಅಟ್ಟ ಸೇರಿದೆ.

“ಅಂದು ನಿಮ್ಮ ಹತ್ತಿರ ತಂದಾಗ ಇದು ಸತ್ತಿರಲಿಲ್ಲವಾ?” ಎಂದು ನಾನು ಕೇಳಿದೆ. “ನಕಲು ಮಾಡಲು ಕೊಟ್ಟಿರಿ, ನಕಲು ಮಾಡಿದೆ. ಒಳಗಿನ ಮಾಹಿತಿ ಸಲೀಸಾಗಿ ಸಿಕ್ಕಿತು. ಬೇರೆ ಭಾಗ ಸತ್ತಿದ್ದರೂ ಮಾಹಿತಿ ಸಿಗುವುದುಂಟು. ಸತ್ತಿದೆಯಾ ಎಂದು ನೀವು ಕೇಳಲಿಲ್ಲವಲ್ಲ ಸಾರ್” ಎಂದರು. ಅದು ನಿಜ.

ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋದದ್ದಕ್ಕೆ ಹಿರಿಯರು ಕಾಕತಾಳೀಯ ಎಂದು ಹೆಸರಿಟ್ಟರು. ಅದನ್ನು ಬಿ.ಎ. ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದವನು ನಾನು. ಆದರೂ ಒಂದೇ ಲಾರಿಯಲ್ಲಿ ಎರಡು ಸಲ ಎಡವಿದೆ. ಭಾನುವಾರ ನೀರು, ಸೋಮವಾರ ನಿಂತಿತು, ಆದ್ದರಿಂದ ನೀರು. ಪೆಟ್ಟಿಗೆ ಬದಲಿಸಿದೆವು, ಹಿಡಿಯಿತು, ಆದ್ದರಿಂದ ಪೆಟ್ಟಿಗೆ. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಮೋಸದ್ದು, ಏಕೆಂದರೆ ಅದು ಗುಣವಾದ ಸಂತೋಷದ ಜತೆಗೆ ಬರುತ್ತದೆ. ಲಾರಿ ಓಡತೊಡಗಿದ ಮೇಲೆ ಏಕೆ ಓಡಿತು ಎಂದು ಕೇಳುವವರು ಯಾರು? ‘ಎಲ್ಲ ಸರಿ ಉಂಟು, ಉಳಿದದ್ದು ಇದು ಮಾತ್ರ’ ಎಂಬ ಮಾತಿನಲ್ಲೂ ತಪ್ಪಿಲ್ಲ. ಆದರೆ ಅದರ ಬಲವೆಲ್ಲ ಆ ‘ಎಲ್ಲ ಸರಿ’ ಎಂಬುದನ್ನು ಹೇಗೆ ನೋಡಿದೆವು ಎಂಬುದರ ಮೇಲೆ ನಿಂತಿದೆ. ಪೆಟ್ಟಿಗೆಯೊಳಗೆ ಏನಿದೆ ಎಂದು ನಮ್ಮಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ಕಾಣದ್ದರ ಮೇಲೆ ಅಪರಾಧ ಹೊರಿಸುವುದು ಸುಲಭ. ಡ್ರೈವರನ ವಿಷಯದಲ್ಲೂ ಅದೇ ಆಯಿತು: ನಾನು ಮುಟ್ಟಿಲ್ಲ, ಭಾವ ಮುಟ್ಟಿಲ್ಲ, ಉಳಿದವನು ಆತ.

ನಾನು ಇದನ್ನೆಲ್ಲ ಹೇಳಿದಾಗ ಭಾವ ಒಪ್ಪಲಿಲ್ಲ. ಅವರ ಮಾತನ್ನೂ ಇಲ್ಲಿ ಬರೆಯಬೇಕು, ಏಕೆಂದರೆ ಅದರಲ್ಲಿ ಹುರುಳಿದೆ. “ಆ ವಯರಿಗೆ ನೀರು ಹೋಗಿಯೇ ತುಕ್ಕು ಹಿಡಿದಿರಬಹುದಲ್ಲ ಭಾವ? ಮತ್ತೆ, ನನ್ನ 38,000 ಯಾರು ಕೊಡುತ್ತಾರೆ? ಅವನದ್ದು ಹನ್ನೆರಡು ಹೋದದ್ದು ಅನ್ಯಾಯವಾದರೆ ನನ್ನದು ಇಪ್ಪತ್ತಾರು ಹೋದದ್ದು ಏನು?” ಮೊದಲಿನದಕ್ಕೆ ಮಂಗಳೂರಿನವರನ್ನು ಕೇಳಿದೆ. ಒಂದು ದಿನದ ನೀರಿಗೆ ತಾಮ್ರ ಹೀಗೆ ಹುಡಿಯಾಗುವುದಿಲ್ಲ, ವರ್ಷಗಳು ಬೇಕು, ಮೀನಿನ ಲಾರಿಯಾಗಿತ್ತಲ್ಲ, ಉಪ್ಪುನೀರು ಕುಡಿದಿರಬಹುದು ಎಂದರು. ‘ಬಹುದು’ ಎಂದರೇ ಹೊರತು ‘ಖಂಡಿತ’ ಎನ್ನಲಿಲ್ಲ. ಆ ಒಂದು ಪ್ರತ್ಯಯಕ್ಕಾಗಿ ನನಗೆ ಅವರ ಮೇಲೆ ಗೌರವ ಹುಟ್ಟಿತು. ಕುಂಬಳೆಯ ಮೆಕ್ಯಾನಿಕನೂ ಅಂದು ‘ಇರಬಹುದು’ ಎಂದಿದ್ದರೆ ನಾವು ಏನು ಮಾಡುತ್ತಿದ್ದೆವು? ಇವನಿಗೆ ಗೊತ್ತಿಲ್ಲ ಎಂದು ಇನ್ನೊಬ್ಬನನ್ನು ಕರೆಸುತ್ತಿದ್ದೆವು. ಖಂಡಿತ ಎಂಬ ಮಾತನ್ನು ಆತನ ಬಾಯಿಂದ ಹಿಂಡಿ ತೆಗೆದವರು ನಾವೇ. ಹಾಗಾಗಿ ಆತ ಕೂಲಿ ಹಿಂದೆ ಕೊಡಬೇಕೆಂದು ನನಗೆ ಅನ್ನಿಸುವುದಿಲ್ಲ, ಭಾವನಿಗೆ ಅನ್ನಿಸುತ್ತದೆ.

ಎರಡನೆಯ ಪ್ರಶ್ನೆ ಕಷ್ಟದ್ದು. ಕಾರಣ ತಿಳಿಯದ ನಷ್ಟವನ್ನು ಯಾರು ಹೊರಬೇಕು? ಇದಕ್ಕೆ ನನ್ನ ಕೆಲಸದಲ್ಲೇ ಒಂದು ಉದಾಹರಣೆ ಇದೆ. ಬ್ಯಾಂಕಿನಲ್ಲಿ ಸಂಜೆ ನಗದು ಕಡಿಮೆ ಬಂದರೆ ಕ್ಯಾಶಿಯರನೇ ತುಂಬಬೇಕು. ಸೇರಿದ ಹೊಸತರಲ್ಲಿ ನನಗೊಮ್ಮೆ ಒಂದು ಸಾವಿರ ಕಡಿಮೆ ಬಂತು. ತುಂಬಿದೆ. ಮನೆಯಲ್ಲಿ ಹೇಳದೆ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಆ ಹಣ ಎಲ್ಲಿ ಹೋಯಿತೆಂದು ಇಂದಿಗೂ ಗೊತ್ತಿಲ್ಲ. ಜಗಲಿಯಲ್ಲಿ ಕುಳಿತು ಡ್ರೈವರನಿಗೆ 12,000 ಹಾಕುವಾಗ, ನಾನೂ ಹೀಗೆ ತುಂಬಿದವನೇ ಎಂಬ ಹಳೆಯ ಹುಣ್ಣು ನನಗೆ ಧೈರ್ಯ ಕೊಟ್ಟಿತೆಂದು ಕಾಣುತ್ತದೆ. ಹೋಲಿಕೆ ತಪ್ಪು. ನಗದು ಕಡಿಮೆ ಇದೆ ಎಂಬುದು ಎಣಿಸಿ ಕಂಡ ಸಂಗತಿ, ಪೆಟ್ಟಿಗೆಯ ಕೀಲಿಕೈ ನನ್ನ ಕೈಯಲ್ಲಿತ್ತು, ಆ ಅಪಾಯಕ್ಕೆಂದು ಸಂಬಳದ ಜತೆಗೆ ಭತ್ತೆಯೂ ಸಿಗುತ್ತಿತ್ತು. ಡ್ರೈವರನಿಗೆ ಲಾರಿ ಲಾಭ ಮಾಡಿದ ದಿನ ಬಂದದ್ದು ಅದೇ ಸಂಬಳ, ಮಾಡದ ದಿನವೂ ಅದೇ. ಲಾಭದಲ್ಲಿ ಪಾಲಿಲ್ಲದವನಿಗೆ, ಯಾರದೆಂದು ತಿಳಿಯದ ನಷ್ಟದಲ್ಲಿ ಪಾಲು ಕೊಟ್ಟೆ. 1936ರ ವೇತನ ಪಾವತಿ ಕಾಯಿದೆಯಲ್ಲೇ, ನಷ್ಟವು ನೌಕರನ ನಿರ್ಲಕ್ಷ್ಯದಿಂದಲೇ ಆದದ್ದಾಗಿದ್ದರೆ ಮಾತ್ರ ಸಂಬಳದಿಂದ ಮುರಿಯಬಹುದು, ಅದಕ್ಕೂ ಮೊದಲು ಅವನ ಮಾತು ಕೇಳಬೇಕು ಎಂದಿತ್ತು. ಬ್ರಿಟಿಷರ ಕಾಲದ ಕಾಯಿದೆಗೆ ಹೊಳೆದದ್ದು ನನಗೆ ಹೊಳೆಯಲಿಲ್ಲ.

ಭಾವ ಕೊನೆಗೆ 6,000 ಕೊಟ್ಟರು, ಅರ್ಧ ತಪ್ಪು ನಿಮ್ಮದು ಎಂದು ನನ್ನನ್ನು ನೋಡಿದರು. ಉಳಿದ 6,000 ನಾನು ಹಾಕಿದೆ. ಅದು ಸರಿಯಾದ ಲೆಕ್ಕವೇ ಎಂದು ನಾವಿಬ್ಬರೂ ಚರ್ಚಿಸಲಿಲ್ಲ. ಅಕ್ಕ ಚಹಾ ತಂದಿಟ್ಟು ಒಳಗೆ ಹೋದಳು. ಒಂದು ಭಾನುವಾರ ಬೆಳಗ್ಗಿನ ಬಸ್ಸು ಹಿಡಿದು ಚೆರ್ವತ್ತೂರಿಗೆ ಹೋದೆ. ಆತ ಈಗ ಅಲ್ಲೇ ಒಂದು ಶಾಲೆಯ ಬಸ್ಸು ಓಡಿಸುತ್ತಾನೆ. ಮನೆಯೊಳಗೆ ಕರೆದು ಕುರ್ಚಿ ಕೊಟ್ಟ. ನಡೆದದ್ದನ್ನೆಲ್ಲ ಹೇಳಿದೆ. ಅರ್ತ್ ವಯರಿನ ಮಾತು ಬಂದಾಗ ನಕ್ಕ. ತೊಳೆಸುವುದಕ್ಕೆ ಒಂದು ವಾರ ಮೊದಲೇ ಎರಡು ಸಲ ಇಂಜಿನು ತಡವಾಗಿ ಹಿಡಿದಿತ್ತಂತೆ. ಅಂದು ಬಾಯಿ ತೆರೆದದ್ದು ಅದನ್ನು ಹೇಳಲಿಕ್ಕೆ.

ಹಣ ತೆಗೆದುಕೊಂಡ. ಎಣಿಸಲಿಲ್ಲ. “ಆ ಕಾಗದ ಉಂಟಾ ಸಾರ್?” ಎಂದು ಕೇಳಿದ. ನಾನು ತಂದಿದ್ದೆ. ಸಹಿ ಹಾಕಿದ ದಿನ ಅದರ ಫೋಟೋ ತೆಗೆದಿಟ್ಟುಕೊಂಡಿದ್ದನಂತೆ. ತಿಂಗಳುಗಳ ಮೇಲೆ ಕನ್ನಡ ಬಲ್ಲ ಯಾರಿಂದಲೋ ಓದಿಸಿದನಂತೆ. “ಞಾನ್ ಒಪ್ಪಿಟ್ಟು ಸಾರೇ, ವಾಯಿಚ್ಚಿಟ್ಟಿಲ್ಲ” ಎಂದ. ಸಹಿ ಹಾಕಿದ್ದೆ, ಓದಿರಲಿಲ್ಲ. ಮುಂಗಡದ ಲೆಕ್ಕ ಎಂದುಕೊಂಡಿದ್ದನಂತೆ. ‘ನನ್ನ ನಿರ್ಲಕ್ಷ್ಯದಿಂದ’ ಎಂದು ನಾನೇ ಉತ್ತಮಪುರುಷದಲ್ಲಿ, ಆತನ ಪರವಾಗಿ, ಚೆಂದದ ಕನ್ನಡದಲ್ಲಿ ಬರೆದಿದ್ದೆ. ಹಣಕ್ಕಿಂತ ಆ ಒಂದು ಶಬ್ದ ಆತನನ್ನು ಚುಚ್ಚಿತ್ತು.

ಈ ಪತ್ರಿಕೆಯ ಕನ್ನಡ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಚೇರಿಗಳಲ್ಲಿ ಓದಲು ಬಾರದ ಅರ್ಜಿಯ ಕೆಳಗೆ ಸಹಿ ಹಾಕಿ, ಒಳಗೆ ಏನಿದೆಯೋ ಎಂದು ಅಂಜುತ್ತ ಮನೆಗೆ ಬಂದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ನನ್ನ ಅಪ್ಪ ಅಂಥ ಒಂದು ಕಾಗದವನ್ನು ಹಿಡಿದು ಮೂರು ದಿನ ಅಲೆದದ್ದು ನನಗೆ ನೆನಪಿದೆ. ಭಾಷಾ ಅಲ್ಪಸಂಖ್ಯಾತರ ಸಭೆಗಳಲ್ಲಿ ನಾನೂ ಎದ್ದು ನಿಂತು ಮಾತಾಡಿದ್ದೇನೆ. ಅಂಥವನು ಅಕ್ಕನ ಮನೆಯ ಜಗಲಿಯಲ್ಲಿ, ನಾವೇ ಬಹುಸಂಖ್ಯಾತರಾಗಿದ್ದ ಆ ಅರ್ಧ ಗಂಟೆಯಲ್ಲಿ, ಮಾಡಿದ್ದು ಇದು.

ಕಾಗದವನ್ನು ಹರಿದು ಹಾಕೋಣವೇ ಎಂದೆ. ಬೇಡ, ಅದರ ಹಿಂದೆಯೇ ಬರೆಯಿರಿ, ಮಲಯಾಳದಲ್ಲಿ ಬರೆಯಿರಿ ಎಂದ. ನನ್ನ ಮಲಯಾಳ ಬ್ಯಾಂಕಿನ ಚಲನ್ ತುಂಬುವಷ್ಟರದ್ದು. ಲಾರಿ ನಿಂತದ್ದು ಈತನ ತಪ್ಪಿನಿಂದಲ್ಲ, ಹಾಗೆ ಬರೆದದ್ದು ನನ್ನ ತಪ್ಪು, ತೆಗೆದುಕೊಂಡ ಹಣ ಹಿಂದೆ ಕೊಟ್ಟಿದೆ ಎಂದು ತಡವರಿಸುತ್ತ ಬರೆದೆ. ಆತ ಕನ್ನಡಕ ಹಾಕಿ, ಬೆರಳಿಟ್ಟು, ಪ್ರತಿಯೊಂದು ಸಾಲನ್ನೂ ಓದಿದ. ಎರಡು ಕಡೆ ಅಕ್ಷರ ತಪ್ಪಿತ್ತು. ನನ್ನ ಪೆನ್ನನ್ನೇ ತೆಗೆದುಕೊಂಡು ತಿದ್ದಿ, ಸಹಿ ಹಾಕಲು ನನ್ನ ಕಡೆಗೆ ತಿರುಗಿಸಿ ಇಟ್ಟ.